ಹುಲಿಯ ಹೆಜ್ಜೆ ನೋಡಿ ತಾಸೆ ಬಾರಿಸಿದ ಅಶ್ಮಿತಾ

ಡೊಂಬಿವಲಿಯ ಅಶ್ಮಿತಾಳ ಕಥೆ ಹೇಳಲೇಬೇಕು. ತನಗೆ ಬಾರದ ಪೆಟ್ಟನ್ನು ಊರೆಲ್ಲ ನೋಡುವಾಗ ಬಾರಿಸಲು ನಿಂತು, ಜನ ನಕ್ಕ ಮೇಲೂ ಕೋಲು ಕೆಳಗಿಡದೆ, ಹೊಸದೊಂದನ್ನು ಹುಟ್ಟಿಸಿದವಳು ಅವಳು. ಹೊಸದು ಹುಟ್ಟಬೇಕಾದರೆ ತಲೆ ಇದ್ದರೆ ಸಾಲದು, ಎದೆಯೂ ಬೇಕು.

ಅಪ್ಪ ವಸಂತಕುಮಾರ ಉಡುಪಿ ಕಡೆಯವರು, ಸಾನಪಾಡಾದ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಅಶ್ಮಿತಾ ಹುಟ್ಟಿದ್ದು ಇಲ್ಲೇ ಡೊಂಬಿವಲಿಯಲ್ಲಿ. ರಬಾಳೆಯಲ್ಲಿ ಆಫೀಸು ಕೆಲಸ. ಗಣಪತಿ ಹಬ್ಬ ಬಂದರೆ ಮರಾಠಿ ಗೆಳತಿಯರ ಢೋಲ್-ತಾಶಾ ತಂಡದಲ್ಲಿ ಕೊರಳಿಗೆ ತೂಗುಹಾಕಿಕೊಳ್ಳುವ ಚರ್ಮವಾದ್ಯ ತಾಶಾ ಬಾರಿಸುತ್ತಾಳೆ. ನಮ್ಮ ಹುಲಿವೇಷದ ತಾಸೆಯೂ ಹೆಚ್ಚುಕಡಿಮೆ ಅದೇ ವಾದ್ಯ. ಪೆಟ್ಟು ಮಾತ್ರ ಬೇರೆ.

ಹೋದ ವರ್ಷ ಅಮ್ಮ ಜಯಲತಾಗೆ ಹೃದಯದ ಆಪರೇಷನ್ ಆಯಿತು. ಅವಳು ನಡೆದುಕೊಂಡು ಮನೆಗೆ ಬಂದರೆ ನವರಾತ್ರಿಗೆ ಹುಲಿವೇಷ ಹಾಕುತ್ತೇನೆಂದು ಅಪ್ಪ ದೇವಿಗೆ ಹರಕೆ ಹೇಳಿಕೊಂಡರು. ಅವಳು ಬಂದಳು.

ಹರಕೆಯ ದಿನ ಬೆಳಿಗ್ಗೆ ಹುಲಿವೇಷದ ತಂಡದ ಹಿರಿಯ ಪೂವಪ್ಪ ದೇವಿಯ ಮಂಟಪದ ಹಿಂದೆ ಅಪ್ಪನ ಮೈಗೆ ಹಳದಿ ಬಳಿದು ಕಪ್ಪು ಪಟ್ಟೆ ಎಳೆದರು. ಬಣ್ಣ ಒಣಗಲೆಂದು ಅಪ್ಪ ಕೈ ಅಗಲಿಸಿ ನಿಂತಿದ್ದರು. ಅಷ್ಟರಲ್ಲಿ ಫೋನ್ ಬಂತು. ಊರಿಂದ ಬಂದ ತಾಸೆಯವನು ಜ್ವರ ಬಂದು ಪಕ್ಕದ ಕಲ್ಯಾಣ್‌ನಲ್ಲೇ ಮಲಗಿದ್ದ. ಡೋಲಿನವರಿದ್ದರು, ಆದರೆ ಡೋಲು ಹೋಗುವುದು ತಾಸೆಯ ಬೆನ್ನು ಹಿಡಿದೇ. ಬಣ್ಣ ಹಾಕಿದವನು ದೇವಿಯ ಮುಂದೆ ಕುಣಿಯದೆ ಅದನ್ನು ತೊಳೆಯುವಂತಿಲ್ಲ. ತೊಳೆದರೆ ಹರಕೆ ಮುರಿದಂತೆ.

“ಮೊಬೈಲಲ್ಲಿ ರೆಕಾರ್ಡಿಂಗ್ ಉಂಟಲ್ಲ, ಸ್ಪೀಕರಿಗೆ ಹಾಕುವಾ,” ಎಂದ ಡೋಲಿನ ಜಯೇಶ್.

“ಡಬ್ಬಿಯ ಸದ್ದಿಗೆ ಹುಲಿ ಕುಣಿಯುದಿಲ್ಲ ಮಾರಾಯ,” ಎಂದರು ಅಪ್ಪ.

ಅಶ್ಮಿತಾ ಮುಂದೆ ಬಂದಳು. “ಪಪ್ಪಾ, ಮೈಂ ಬಜಾವೂಂ ಕ್ಯಾ?” ನಾನು ಬಾರಿಸಲಾ ಎಂದು ಹಿಂದಿಯಲ್ಲೇ ಕೇಳಿದಳು.

ಪೂವಪ್ಪ ಕುಂಚ ಹಿಡಿದೇ ತಿರುಗಿದರು. “ಹುಲಿಗೆ ಹುಡುಗಿ ಬಾರಿಸಿದ್ದು ನಾನು ಕಂಡಿಲ್ಲ. ನಿಂಗೆ ಹುಲಿಪೆಟ್ಟು ಬರ್ತದಾ?”

“ಇಲ್ಲ ಮಾಮ. ಬೇರೆ ಕೋಯೀ ಉಂಟಾ?”

ಬೇರೆ ಯಾರೂ ಇರಲಿಲ್ಲ.

ಅವಳು ತಾಸೆಯನ್ನು ಕೊರಳಿಗೆ ಹಾಕಿಕೊಂಡು ಮಂಟಪದ ಮುಂದೆ ನಿಂತಳು. ಎದುರಿನ ಕುರ್ಚಿಯಲ್ಲಿ ಅಮ್ಮ ಕೂತಿದ್ದಳು. ಕೋಲು ತನಗೆ ಗೊತ್ತಿದ್ದ ಗಣಪತಿ ಮೆರವಣಿಗೆಯ ಪೆಟ್ಟನ್ನೇ ಹಿಡಿಯಿತು. ಅದು ನೇರ ನಡೆಯುವವರ ಪೆಟ್ಟು. ಹುಲಿ ಬಗ್ಗಬೇಕು, ಹೊಂಚಬೇಕು, ಹಾರಬೇಕು. ಅಪ್ಪ ಎಡವಿದರು.

“ಎಂತ, ಹುಲಿ ಗಣಪತಿ ಬಿಡ್ಲಿಕ್ಕೆ ಹೊರಟಿತಾ?” ಯಾರೋ ಕೂಗಿದರು. ಮಂಟಪವೆಲ್ಲ ನಕ್ಕಿತು.

ಈಗ ನಿಲ್ಲಿಸಿದರೆ ಅಪ್ಪ ಹಾಗೇ ಒಳಗೆ ಹೋಗಿ ಬಣ್ಣ ತೊಳೆಯಬೇಕು. ಅವಳು ನಿಲ್ಲಿಸಲಿಲ್ಲ. ತಾಸೆಯ ಮೇಲಿದ್ದ ಕಣ್ಣನ್ನು ಅಪ್ಪನ ಪಾದದ ಮೇಲಿಟ್ಟಳು. ಎಲ್ಲ ಕಡೆ ಹುಲಿ ತಾಸೆಯ ಹಿಂದೆ ಹೋಗುತ್ತದೆ. ಅವಳು ತಾಸೆಯನ್ನು ಹುಲಿಯ ಹಿಂದೆ ಬಿಟ್ಟಳು. ಹಿಮ್ಮಡಿ ಊರಿದಾಗ ಒಂದು ಪೆಟ್ಟು. ಹುಲಿ ಬಗ್ಗಿದಾಗ ಕೋಲಿನ ತುದಿಯಲ್ಲಿ ಮಳೆಹನಿಯಷ್ಟು ಸದ್ದು. ಹಾರುವ ಮೊದಲು ಪೂರ್ತಿ ಮೌನ. ಹಾರಿ ಇಳಿದೊಡನೆ ತನ್ನ ತಂಡದ ತಾಶಾದ ಗುಡುಗನ್ನೇ ತಂದು ಸುರಿದಳು.

ಅಪ್ಪನಿಗೆ ಅರ್ಥವಾಯಿತು. ಬೇಕೆಂದೇ ಸುಮ್ಮನೆ ನಿಂತು ಮಗಳನ್ನು ದುರುಗುಟ್ಟಿ ನೋಡಿದರು. ಅವಳೂ ಕೋಲು ಎತ್ತಿ ಹಿಡಿದು ದುರುಗುಟ್ಟಿದಳು. ನಗು ನಿಂತಿತು. ಹುಲಿ ಹಾರಿತು, ತಾಸೆ ಸಿಡಿಯಿತು, ಜಯೇಶನ ಡೋಲು ಕೂಡಿಕೊಂಡಿತು. ವೇಷ ಹಾಕಿ ಬದಿಯಲ್ಲಿ ಕೂತಿದ್ದ ತಂಡದ ಉಳಿದ ಹುಲಿಗಳೂ ಕಣಕ್ಕೆ ಇಳಿದವು. ವೈದ್ಯರು ಮೆಲ್ಲಗೆ ನಡೆಯಲು ಹೇಳಿದ್ದರೂ ಅಮ್ಮ ಎದ್ದು ನಿಂತು ಚಪ್ಪಾಳೆ ತಟ್ಟಿದಳು. ಅರ್ಚಕರು ಅಪ್ಪನ ಕೊರಳಿಗೆ ದೇವಿಯ ಹಾರ ಹಾಕಿದರು. ಹರಕೆ ಸಂದಿತು.

ಪೂವಪ್ಪ ಬಂದು ಅವಳ ಕೋಲು ಮುಟ್ಟಿ ನೋಡಿದರು. “ಇದು ಊರಿನ ಪೆಟ್ಟಲ್ಲ ಮಾರಾಯ್ತಿ.”

“ಮಾಲೂಮ್ ಹೈ, ಮಾಮ. ಗೊತ್ತುಂಟು.”

“ನಾಳೆ ವಿಠ್ಠಲವಾಡಿಯಲ್ಲಿ ಕುಣಿತ ಉಂಟು. ಇದನ್ನೇ ಬಾರಿಸು.”

ಈಗ ತಂಡದ ತಾಸೆ ಅವಳದೇ. ಭಾನುವಾರ ಬೆಳಿಗ್ಗೆ ಡೊಂಬಿವಲಿಯ ಮೈದಾನದಲ್ಲಿ ಕಲಿಸುತ್ತಾಳೆ. ಹುಡುಗಿಯರೂ ಬರುತ್ತಾರೆ. ನೀವೂ ಒಮ್ಮೆ ಹೋಗಿ ಅವಳನ್ನು ಕಾಣಿ. ಕನ್ನಡದಲ್ಲಿ ಮಾತಾಡಿಸಿ, ಹಿಂದಿಯಲ್ಲಿ ಉತ್ತರ ಬಂದರೆ ಬೇಸರ ಮಾಡಬೇಡಿ. ಮಕ್ಕಳನ್ನು ಕರೆದುಕೊಂಡು ಹೋಗಿ.