ಸೊಳ್ಳೆ ಇಲ್ಲದ ಬೀದಿ

ನಮ್ಮ ಅಕ್ಕನ ಗಂಡ ಪುರಸಭೆಯಲ್ಲಿ ಸೊಳ್ಳೆಗೆ ಹೊಗೆ ಬಿಡುವವರು. ಹೆಗಲಿಗೆ ಯಂತ್ರ ಏರಿಸಿದರೆಂದರೆ ಯುದ್ಧಕ್ಕೆ ಹೊರಟ ಗತ್ತು. ತಮ್ಮ ಬೀದಿಗೆ ಮಾತ್ರ ಎರಡು ಸುತ್ತು ಜಾಸ್ತಿ. "ನಮ್ಮ ಬೀದೀಲಿ ಒಂದು ಸೊಳ್ಳೆ ತೋರಿಸಿ, ಮೀಸೆ ಬೋಳಿಸ್ತೀನಿ!" ಎಂದು ಕಂಡಕಂಡವರ ಮುಂದೆ ಕೊಚ್ಚಿಕೊಳ್ಳುವರು. ಹೇಳುತ್ತಲೇ ಮೊಣಕೈ ಕೆರೆದುಕೊಳ್ಳುವರು.

ಅವರ ಮನೆಯಲ್ಲೊಂದು ಕಂದು ನಾಯಿ. ಸೊಳ್ಳೆ ಕಚ್ಚಿದರೆ ನಾಯಿಯ ಹೃದಯದಲ್ಲಿ ಹುಳು ಬೆಳೆಯಬಹುದು, ತಿಂಗಳಿಗೊಂದು ಮಾತ್ರೆ ತಪ್ಪದೆ ಕೊಡಿ ಎಂದು ಪಶುವೈದ್ಯೆ ಹೇಳಿದಾಗ ಭಾವ ಉರಿದುಬಿದ್ದರು. ಹೊಗೆ ಬಿಡುವವನ ನಾಯಿಗೆ ಸೊಳ್ಳೆಯ ಮಾತ್ರೆಯೇ? ಬೀದಿಯವರು ನಗುವುದಿಲ್ಲವೇ?

ಅಕ್ಕನಿಗೆ ಆ ನಾಯಿಯೆಂದರೆ ಪ್ರಾಣ. ಗಂಡ ಕೆಲಸಕ್ಕೆ ಹೋದಾಗ ಮಾತ್ರೆಯನ್ನು ಬೇಯಿಸಿದ ಮೊಟ್ಟೆಯೊಳಗೆ ಹುದುಗಿಸಿ ತಿನ್ನಿಸತೊಡಗಿದಳು. ವರ್ಷವರ್ಷವೂ ರಕ್ತಪರೀಕ್ಷೆಯಲ್ಲಿ ಹುಳುವಿಲ್ಲವೆಂದೇ ಬಂತು. "ನೋಡಿ, ಇದು ನನ್ನ ಹೊಗೆ!" ಎಂದು ಭಾವ ಬೀದಿಯೆಲ್ಲ ಸಾರಿದರು. ಪಕ್ಕದ ಮನೆಯಲ್ಲಿರುವ ನನಗೆ ಕೇಳಿ ಕೇಳಿ ವಾಕರಿಕೆ. ಅಕ್ಕ ಕಣ್ಣಲ್ಲೇ ನನ್ನ ಬಾಯಿ ಮುಚ್ಚಿಸುತ್ತಿದ್ದಳು.

ಒಂದು ದಿನ ಸಕ್ಕರೆ ಡಬ್ಬದ ಹಿಂದೆ ಮಾತ್ರೆಗಳು ಅವರ ಕೈಗೆ ಸಿಕ್ಕವು.

"ಏನೇ ಇದು? ಗಂಡನ ಕೆಲಸದ ಮೇಲೆ ಇಷ್ಟೇನಾ ನಂಬಿಕೆ?"

"ನಾಯಿ ಚೆನ್ನಾಗಿರೋದೇ ಇದರಿಂದ ರೀ."

ಮಾತ್ರೆಗಳು ಚರಂಡಿ ಸೇರಿದವು. ಇನ್ನೊಂದು ತಂದರೆ ನಾಯಿಯನ್ನೇ ಯಾರಿಗಾದರೂ ಕೊಟ್ಟುಬಿಡುತ್ತೇನೆ ಎಂದರು. ಥೂ, ಹೆಂಡತಿಯ ಮುಂದೆ ಮಾತ್ರ ಎಂಥ ಪೌರುಷ! ಅಕ್ಕ ಹೆದರಿ ನಿಲ್ಲಿಸಿದಳು.

ಮುಂದಿನ ವರ್ಷ ನಾಯಿ ಕೆಮ್ಮತೊಡಗಿತು. ಮೆಟ್ಟಿಲು ಹತ್ತಿದರೆ ಏದುಸಿರು. ಪರೀಕ್ಷೆ ಮಾಡಿಸಿದರೆ ಹುಳು.

"ಪಕ್ಕದ ಬಡಾವಣೆ ಸೊಳ್ಳೆ ಇರ್ಬೇಕು ಡಾಕ್ಟ್ರೇ," ಎಂದರು ಭಾವ. ಎಂಥ ನಾಚಿಕೆಗೆಟ್ಟ ಬಾಯಿ!

ವೈದ್ಯೆ ಸೊಪ್ಪು ಹಾಕಲಿಲ್ಲ. "ಇಂಜೆಕ್ಷನ್ ಶುರು ಮಾಡೋಣ. ಹುಳು ಸಾಯೋವಾಗ ನಾಯಿ ಓಡಿದ್ರೆ, ಕುಣಿದ್ರೆ ಜೀವಕ್ಕೇ ಅಪಾಯ. ತಿಂಗಳುಗಟ್ಟಲೆ ಸುಮ್ನಿರ್ಬೇಕು. ಯಾರನ್ನ ನೋಡಿದ್ರೆ ಜಾಸ್ತಿ ಕುಣಿಯುತ್ತೆ?"

ಅಕ್ಕ ಗಂಡನ ಕಡೆ ಬೆರಳು ತೋರಿಸಿದಳು. ಸಂಜೆ ಇವರ ಚಪ್ಪಲಿ ಸದ್ದು ಕೇಳಿದರೆ ಅದು ಮನೆಯೆಲ್ಲ ಹಾರಾಡುತ್ತಿದ್ದುದು ನಿಜ. ಇವರನ್ನು ದೊಡ್ಡ ಮನುಷ್ಯ ಅಂದುಕೊಂಡಿದ್ದ ಜೀವ ಅದೊಂದೇ.

"ಹಾಗಾದ್ರೆ ಇವರು ಅದರ ಕಣ್ಣಿಗೆ ಬೀಳೋದೇ ಬೇಡ," ಎಂದರು ವೈದ್ಯೆ.

ಭಾವ ಈಗ ಪುರಸಭೆಯ ಉಗ್ರಾಣದಲ್ಲಿ ಮಲಗುತ್ತಾರೆ. ಅಲ್ಲಿ ಸೊಳ್ಳೆ ಕಾಟವಂತೆ. ಊಟದ ಡಬ್ಬಿಗೆಂದು ಹಿತ್ತಲಿಗೆ ಬರುವಾಗ ಚಪ್ಪಲಿಯನ್ನು ಕೈಯಲ್ಲಿ ಹಿಡಿದಿರುತ್ತಾರೆ. ನಿನ್ನೆ ನನ್ನ ಹತ್ತಿರ ಬಂದು ಪಿಸುಗುಟ್ಟಿದರು: "ನನ್ನ ನೆನಪು ಮಾಡ್ಕೊಳ್ಳುತ್ತಾ ಅದು?"

"ಇಲ್ಲ ಭಾವ," ಎಂದೆ.

ಸಂಜೆಯಾದರೆ ನಾಯಿ ಬಾಗಿಲಿಗೇ ಮೂತಿಯಿಟ್ಟು ಮಲಗಿರುತ್ತದೆ. ಅದನ್ನು ಅವರಿಗೆ ಹೇಳುವಷ್ಟು ದೊಡ್ಡ ಮನಸ್ಸು ನನಗಿಲ್ಲ.