ಸೊಳ್ಳೆಗಳಿಗೆ ಸಿಕ್ಕ ಪ್ರಸಾದ

2016ರ ಆ ಸೆಮಿಸ್ಟರಿನಲ್ಲಿ ನಾನು ವಿದೇಶದ ಯೂನಿವರ್ಸಿಟಿಯೊಂದರ ಲ್ಯಾಬಿನಲ್ಲಿ ಎರಡು ಪಂಜರ ಸೊಳ್ಳೆ ಸಾಕಿದ್ದೆ. ಎಡಗಡೆಯವು ಔಷಧಿ ಹೊಡೆದರೂ ಸಾಯದವು. ಬಲಗಡೆಯವು ಅದರ ಗಾಳಿ ಸೋಕಿದರೆ ಸಾಕು, ಉರುಳುವಂಥವು. ವಿಷಕ್ಕೆ ಜಗ್ಗದ ಸೊಳ್ಳೆಯ ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾಗಳೂ ಬೇರೆಯೇ ಇರುತ್ತವೆಯೇ? ಇದು ನನ್ನ ಕೊನೆಯ ವರ್ಷದ ಪ್ರಾಜೆಕ್ಟು. ನಂಬಬಹುದಾದ ಉತ್ತರ ಕೊಟ್ಟರೆ ಅದೇ ಲ್ಯಾಬಿನಲ್ಲಿ ಪಿಎಚ್‌ಡಿ ಸೀಟು ಎಂದು ಪ್ರೊಫೆಸರ್ ಹೇಳಿದ್ದರು.

ಸೋಮವಾರ ಸೊಳ್ಳೆಗಳ ಕರುಳನ್ನು ಅರೆದು, ಬ್ಯಾಕ್ಟೀರಿಯಾ ಬೆಳೆಸುವ ಪುಟ್ಟ ತಟ್ಟೆಗಳಿಗೆ ಹಚ್ಚಿದೆ. ಬುಧವಾರ ನೋಡಿದರೆ ಬಲಗಡೆಯವುಗಳ ತಟ್ಟೆಗಳಲ್ಲಿ ಬಿಳಿ, ಗುಲಾಬಿ ಚುಕ್ಕಿಗಳು. ಎಡಗಡೆಯವುಗಳ ಹನ್ನೆರಡೂ ತಟ್ಟೆಗಳಲ್ಲಿ ಅರಿಶಿನ ಚೆಲ್ಲಿದಂತೆ ಹಳದಿ! ನಿಂತಲ್ಲೇ ಕುಣಿದು ಅಮ್ಮನಿಗೆ ಫೋನ್ ಮಾಡಿದೆ.

"ಅಮ್ಮಾ, ಹನ್ನೆರಡಕ್ಕೆ ಹನ್ನೆರಡು!"

"ಮಾರ್ಕ್ಸಾ?"

"ಸೊಳ್ಳೆ ಹೊಟ್ಟೆ!"

"ಊಟದ ಹೊತ್ತಲ್ಲಿ ಏನೇ ಇದು. ಪೂಜೆ ಪ್ರಸಾದ ಕಳಿಸಿದ್ನಲ್ಲ, ಹಂಚಿದ್ಯಾ?"

ಒಣದ್ರಾಕ್ಷಿಯ ಆ ಪೊಟ್ಟಣವನ್ನು ನಾನು ಪಕ್ಕದ ಮೇಜಿನ, ಮಾತಿನ ಕೊನೆಗೆಲ್ಲ 'ಲಾ' ಸೇರಿಸುವ ಚೀನೀ ಗೆಳೆಯನಿಗೆ ಕೊಟ್ಟಿದ್ದೆ. ಎಸೆಯಬಾರದು, ಎಲ್ಲರಿಗೂ ಹಂಚಬೇಕು ಎಂದು ಒತ್ತಿ ಹೇಳಿದ್ದೆ. ತಿಂದೆಯಾ ಎಂದು ಈಗ ಕೇಳಿದರೆ, ಅವನು ಎಡಗಡೆಯ ಪಂಜರ ತೋರಿಸಿದ.

"ನನಗೆ ಒಣದ್ರಾಕ್ಷಿ ರುಚಿ ಸೇರಲ್ಲ ಲಾ. ಎಸೀಬೇಡ ಅಂದೆಯಲ್ಲ, ನೆನೆಸಿ ಇವಕ್ಕೆ ಇಟ್ಟೆ. ಅಷ್ಟು ವಿಷ ತಡ್ಕೊಂಡಿದಾವೆ, ಪಾಪ."

"ಬಲಗಡೆಯವಕ್ಕೆ?"

"ಅವು ಹೇಗೂ ಸಾಯ್ತವೆ ಲಾ!"

ಅಳಬೇಕಿತ್ತು. ಇಬ್ಬರೂ ನೆಲದ ಮೇಲೆ ಕೂತು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಪೊಟ್ಟಣದಲ್ಲಿ ಉಳಿದಿದ್ದ ಒಂದು ದ್ರಾಕ್ಷಿಯನ್ನು ಹೊಸ ತಟ್ಟೆಗೆ ಒರೆಸಿದೆ. ಶುಕ್ರವಾರ ಅದೂ ಹಳದಿ. ನನ್ನ ಮಹಾನ್ ಶೋಧ ನಮ್ಮ ಅಡುಗೆಮನೆಯ ಡಬ್ಬಿಯಿಂದ ಬಂದಿತ್ತು.

ಮತ್ತೆ ಮೊಟ್ಟೆಯಿಂದ ಶುರು. ಎರಡೂ ಪಂಜರಕ್ಕೆ ಒಂದೇ ಸೀಸೆಯ, ಕುದಿಸಿ ಆರಿಸಿದ ಸಕ್ಕರೆ ನೀರು. ಬಾಗಿಲ ಮೇಲೆ "ಇಲ್ಲಿ ಪ್ರಸಾದ ವಿನಿಯೋಗವಿಲ್ಲ" ಎಂದು ಇಂಗ್ಲಿಷಿನಲ್ಲಿ ಚೀಟಿ. ಮೂರು ವಾರದ ನಂತರ ತಟ್ಟೆ ನೋಡಿದೆ. ಹಳದಿ ಎಲ್ಲೂ ಇರಲಿಲ್ಲ. ಬಲಗಡೆಯವುಗಳಲ್ಲಿ ಮೊದಲಿನಂತೆ ಬಿಳಿ, ಗುಲಾಬಿ ಎರಡೂ; ಆದರೆ ಎಡಗಡೆಯವುಗಳಲ್ಲಿ ಗುಲಾಬಿ ಚುಕ್ಕಿಗಳೇ ತುಂಬಿದ್ದವು, ಬಿಳಿ ಅಪರೂಪ. ಮತ್ತೊಂದು ಸಲ ಬೆಳೆಸಿದಾಗಲೂ ಹಾಗೆಯೇ. ವ್ಯತ್ಯಾಸ ಸಣ್ಣದು, ಆದರೆ ನಿಜವಾದದ್ದು.

ಪ್ರೊಫೆಸರ್ ದ್ರಾಕ್ಷಿಯ ತಟ್ಟೆಯನ್ನೂ ವರದಿಯಲ್ಲಿ ಸೇರಿಸಲು ಹೇಳಿ, ಸೀಟು ಕೊಟ್ಟರು. ಅಮ್ಮ ಪೂಜೆ ಮಾಡಿಸಿ ಇನ್ನೊಂದು ಪೊಟ್ಟಣ ಕಳಿಸಿದಳು. ಈ ಸಲ ಗೆಳೆಯನ ಎದುರೇ ನಿಂತೆ. ಅವನು ಕಣ್ಣು ಮುಚ್ಚಿ ಒಂದು ದ್ರಾಕ್ಷಿ ನುಂಗುವವರೆಗೂ ಅಲ್ಲಾಡಲಿಲ್ಲ.