ಸಿಂಗಳೀಕಗಳಿಗೆ ಬೆನ್ನು ಹಾಕಿ ನಿಂತವರು

ವಾಲ್ಪಾರೈ ಇನ್ನೇನು ಬಂತು ಎನ್ನುವಾಗ, ಚಹಾ ತೋಟದ ತಿರುವಿನಲ್ಲಿ ಅರಣ್ಯ ಕಾವಲುಗಾರರೊಬ್ಬರು ಕೈ ಅಡ್ಡ ಹಿಡಿದು ನಮ್ಮ ಕಾರು ನಿಲ್ಲಿಸಿದರು. ಸಿಂಗಳೀಕಗಳ ಹಿಂಡು ರಸ್ತೆ ದಾಟುತ್ತಿತ್ತು.

"ಪಾಪ, ಒಂದು ಹಣ್ಣು ಕೊಡೋಣ ಕಣೋ," ಎಂದು ಕೊಯಮತ್ತೂರಿನ ನನ್ನ ಅತ್ತೆ ಚೀಲಕ್ಕೆ ಕೈ ಹಾಕಿದರು.

"ಬೇಡಮ್ಮಾ. ರುಚಿ ಹತ್ತಿದರೆ ರಸ್ತೆ ಬಿಟ್ಟು ಹೋಗಲ್ಲ," ಎಂದರು ಕಾವಲುಗಾರರು ತಮಿಳಿನಲ್ಲಿ.

ನಾನು ವಿಡಿಯೋ ಮಾಡಿಕೊಂಡೆ. ಕಾವಲುಗಾರರು ಮಾತ್ರ ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ಕಣ್ಣೆಲ್ಲ ಬರುವ ಗಾಡಿಗಳ ಮೇಲೆ. ಕೊನೆಯ ಸಿಂಗಳೀಕ ಮರ ಹತ್ತಿದ ಮೇಲೆ ನನ್ನ ಕಿಟಕಿಯ ಬಳಿ ಬಂದರು.

"ಕುಂಟುವ ತಾಯಿ ಒಂದಿದೆ. ಅದರ ಹೊಟ್ಟೆಗೆ ಮರಿ ಅಂಟಿಕೊಂಡಿತ್ತಾ, ಸ್ವಲ್ಪ ತೋರಿಸ್ತೀರಾ?"

ಮರಿ ಇತ್ತು. ಇನ್ನೊಮ್ಮೆ ಹಾಕಿ ಎಂದರು. ಹಿಂದಿನ ಲಾರಿ ಹಾರ್ನ್ ಹೊಡೆಯಿತು. ಅವರು ಫೋನಿನಿಂದ ಕಣ್ಣು ತೆಗೆಯಲಿಲ್ಲ.